ಗೋಮಾಳದಲ್ಲಿ ಇಳಿಯಲು ಎರಡು ದೀಪ

ನಮ್ಮ ಯಜಮಾನರ ಹೆಸರು ಚಲುವೇಗೌಡ. ಏರ್‌ಫೋರ್ಸಿನಲ್ಲಿ ಫಿಟ್ಟರಾಗಿದ್ದರು. ಪಿಂಚಣಿ ತೆಗೆದುಕೊಂಡು ಊರಿಗೆ ಬಂದು ಕೊಟ್ಟಿಗೆಯಲ್ಲಿ ಒಂದು ವಿಮಾನ ಕಟ್ಟಿದರು. ಅದು ಹಾರಿತು. ಒಂದು ಸಂಜೆ ಇಳಿಯುವಾಗ ದೀಪ ಹೋಯಿತು. ಅವರೂ ಹೋದರು.

ಪೇಪರಿನಲ್ಲಿ ಬಂದದ್ದು ಇದಕ್ಕಿಂತ ಕಮ್ಮಿ. ಹೆಸರನ್ನೂ ತಪ್ಪು ಹಾಕಿದ್ದರು. ದೀಪದ ಮಾತು ಅದರಲ್ಲಿ ಇರಲೇ ಇಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಬರೆದು ಅಭ್ಯಾಸ ಇಲ್ಲ. ಆದರೆ ಆ ದೀಪದ ವಿಷಯ ನನಗೆ ಗೊತ್ತಿರುವಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ಕಡೆ ಇದೆ. ನಾಲೆ ಬಂದ ಮೇಲೆ ಎಲ್ಲ ಕಡೆ ಗದ್ದೆ, ಕಬ್ಬು. ಬಯಲು ಅಂತ ಉಳಿದಿರುವುದು ಗೋಮಾಳ ಒಂದೇ. ಅದರ ಒಂದು ತುದಿಗೆ ನಾಲೆ ಏರಿ, ಇನ್ನೊಂದು ತುದಿಗೆ ಕರಿಬಂಡೆ. ನಡುವೆ ನೆಲ ಚಪ್ಪಟೆ. ವಿಮಾನ ಏಳುವುದಕ್ಕೂ ಇಳಿಯುವುದಕ್ಕೂ ಬೇರೆ ಜಾಗ ಇರಲಿಲ್ಲ.

ಗೋಮಾಳ ದನದ್ದು. ಬಿಸಿಲು ಬಿದ್ದರೆ ಊರ ದನ, ಕುರಿ, ಎಮ್ಮೆ ಎಲ್ಲ ಅಲ್ಲೇ. ಬೆಳಗಿನ ಜಾವ ಹಾರಿಸೋಣ ಅಂದರೆ ನಾಲೆಯ ಮಂಜು. ಹಾಗಾಗಿ ದನ ಮನೆಗೆ ತಿರುಗಿದ ಮೇಲೆಯೇ ಅವರ ಹೊತ್ತು. ದನದ ಧೂಳು ಅಡಗುತ್ತಿದ್ದಂತೆ ಎದ್ದು, ಕುಂತಿಬೆಟ್ಟದ ಕಡೆ ಒಂದು ಸುತ್ತು ಹಾಕಿ, ನೆಲ ಕಾಣುವಾಗಲೇ ಇಳಿಯಬೇಕು. ಅಷ್ಟು ಬೆಳಕು ಉಳಿಯುವುದು ಒಂದು ಬೀಡಿ ಸೇದುವಷ್ಟು ಹೊತ್ತು. ಯಾರದಾದರೂ ದನ ತಡವಾದರೆ ಆ ದಿನ ಹಾರಾಟ ಇಲ್ಲ.

ತಡವಾಗುತ್ತಿದ್ದುದು ಯಾವಾಗಲೂ ಪಕ್ಕದ ಮನೆ ಬೈರಮ್ಮನ ಎಮ್ಮೆ.

“ಬೈರಕ್ಕಾ, ನಿನ್ನೆಮ್ಮೆ ಒಡ್ಕಂಡು ಓಗಕ್ಕ. ಒತ್ತು ಮುಳುಗ್ತಾ ಅದೆ,” ಎಂದು ಇವರು ಕೂಗುವರು.

“ನಿನ್ ಇಮಾನ ಕಾಯ್ಲಿ ಬುಡ್ಲಾ. ನನ್ನೆಮ್ಮೆ ಆಲು ಕೊಡ್ತದೆ. ನಿನ್ನದು ಏನ್ ಕೊಟ್ಟದು?”

“ನಿನ್ನೇ ಒಂದ್ಸಲ ಕೂರುಸ್ಕಂಡು ಓಯ್ತೀನಿ ಕಣಕ್ಕ. ಮ್ಯಾಲಿಂದ ನಿನ್ನೆಮ್ಮೆ ನೋಡೀವಂತೆ.”

“ಥೂ, ನಿನ್ ಬಾಯ್ಗೆ ಮಣ್ಣಾಕ.”

ಬೈಯುವರು, ನಗುವರು. ಎಮ್ಮೆ ಮಾತ್ರ ತನ್ನ ಹೊತ್ತಿಗೇ ಏಳುವುದು.

ವಿಮಾನ ಅಂದರೆ ದೊಡ್ಡದಲ್ಲ. ಅಲ್ಯೂಮಿನಿಯಂ ಪೈಪು, ಗಟ್ಟಿ ಬಟ್ಟೆ, ಬೆನ್ನ ಹಿಂದೆ ಒಂದು ಹಳೆಯ ಇಂಜಿನ್ನು, ಅದರ ಹಿಂದೆ ಫ್ಯಾನು. ಒಬ್ಬರು ಕೂರಬಹುದು. ಹಾರಿಸುವುದನ್ನು ಅವರು ನೌಕರಿಯಲ್ಲಿದ್ದಾಗಲೇ ಒಂದು ಕ್ಲಬ್ಬಿನಲ್ಲಿ ಕಲಿತಿದ್ದರು. ಮೊದಲ ಸಲ ಹಾರಿ ಇಳಿದಾಗ ಮಾವ ಹೋಗಿ ಮಗನ ಕೈ ಕಾಲು ಮುಟ್ಟಿ ಮುಟ್ಟಿ ನೋಡಿದರು. ಅತ್ತೆ ವಿಮಾನದ ಮೂತಿಗೆ ಕುಂಕುಮ ಇಟ್ಟರು.

ಅತ್ತೆಯ ಹೆಸರು ದೊಡ್ಡತಾಯಮ್ಮ. ಮನೆಗೆ ಹೊಸದು ಏನು ಬಂದರೂ ಮೊದಲು ದೇವರ ಮುಂದೆ ಇಡಬೇಕು. ಅವರು ಕುಂಕುಮ ಇಟ್ಟು ಕೊಡಬೇಕು. ಆಮೇಲೆ ಬಳಸಬೇಕು. ಕುಕ್ಕರು, ಗುದ್ದಲಿ, ಮಿಕ್ಸಿ, ನನ್ನ ಮಗಳು ಚಿನ್ನುವಿನ ಸ್ಕೂಲು ಬ್ಯಾಗು, ಯಾವುದನ್ನೂ ಬಿಟ್ಟವರಲ್ಲ. ಕಬ್ಬಿಣಕ್ಕೆ, ಗಾಜಿಗೆ ಒಣ ಕುಂಕುಮ ನಿಲ್ಲುವುದಿಲ್ಲ ಅಂತ ಹರಳೆಣ್ಣೆಯಲ್ಲಿ ಕಲೆಸಿ ಒಂದು ಕರಡಿಗೆಯಲ್ಲಿ ಇಟ್ಟುಕೊಂಡಿದ್ದರು. ಬೆರಳಲ್ಲಿ ಒತ್ತಿದರೆ ಮಳೆ ಬಂದರೂ ಹೋಗುತ್ತಿರಲಿಲ್ಲ.

ಒಂದು ಸಂಜೆ ಎಮ್ಮೆ ತಡವಾಯಿತು. ಆದರೂ ಇವರು ಹಾರಿದರು. ತಿರುಗಿ ಬರುವಾಗ ನೆಲ, ಏರಿ, ಗದ್ದೆ ಎಲ್ಲ ಒಂದೇ ಬಣ್ಣ. ಎರಡು ಸಲ ಮೇಲೆಯೇ ಸುತ್ತಿದರು. ಮಾವ ಒಂದು ಹೊರೆ ಹುಲ್ಲಿಗೆ ಬೆಂಕಿ ಹಚ್ಚಿದರು. ಆ ಬೆಳಕಿಗೆ ಇಳಿದರು. ಇಳಿದವರ ಅಂಗಿ ಬೆವರಲ್ಲಿ ಅಂಟಿಕೊಂಡಿತ್ತು.

“ಇನ್ನು ಸಾಕು,” ಅಂದೆ ನಾನು.

“ಊಂ ಕಣಮ್ಮಿ. ದೀಪ ಆಕ್ಬೇಕು,” ಅಂದರು.

ನಾನು ಹೇಳಿದ್ದು ಒಂದು. ಅವರಿಗೆ ಕೇಳಿಸಿದ್ದು ಇನ್ನೊಂದು.

ಅಲ್ಲಿಂದ ದೀಪದ ಹುಚ್ಚು ಹಿಡಿಯಿತು. ಮೊದಲು ಒಂದು ಮೊಪೆಡ್ಡಿನ ದೀಪ ಹಾಕಿದರು. ನೆಲಕ್ಕೆ ಬಂದ ಮೇಲೆ ಅದು ನೆಲ ತೋರಿಸುವುದು. ಅಷ್ಟು ಹೊತ್ತಿಗೆ ತೋರಿಸಿದರೆಷ್ಟು, ಬಿಟ್ಟರೆಷ್ಟು. ಆಮೇಲೆ ಪಾಂಡವಪುರದ ನಾಗರಾಜು ಹತ್ತಿರ ಹೋದರು. ನಾಗರಾಜು ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ. ಇವರನ್ನು ಚಲುವಣ್ಣ ಅನ್ನುತ್ತಿದ್ದ, ನನ್ನನ್ನು ಅತ್ತಿಗೆ.

ನಾಗರಾಜು ಒಂದು ಟ್ರಾಕ್ಟರಿನ ದೀಪ ಕೊಟ್ಟ. ಅದನ್ನು ಮೂತಿಗೆ ಕಟ್ಟಿದರು. ಭಾರಕ್ಕೆ ವಿಮಾನ ಮೂತಿ ಬಗ್ಗಿಸಿತು. ಹಿಂದೆ ತೂಕ ಕಟ್ಟಿ ಸರಿ ಮಾಡಿದರು. ಬೆಳಕೇನೋ ಚೆನ್ನಾಗಿತ್ತು. ಆದರೆ ಇಳಿಯುವಾಗ ಇಂಜಿನ್ ಓಟ ಕಮ್ಮಿ ಮಾಡಬೇಕಲ್ಲ, ಕಮ್ಮಿ ಮಾಡಿದ ಕೂಡಲೇ ದೀಪ ಮಂಕಾಗುವುದು. ಮೇಲೆ ಹೋಗುವಾಗ ಆಕಾಶಕ್ಕೆಲ್ಲ ಬೆಳಕು. ಕೆಳಗೆ ಬರುವಾಗ ಕೆಂಪಗೆ ಬೀಡಿ ತುದಿ ಹಾಗೆ.

“ಇದೇನ್ಲಾ ನಾಗರಾಜು, ಬೇಕಾದಾಗ ಉರಿಯಾಕಿಲ್ಲ ಇದು?”

“ಇಂಜಿನ್ನಿಂದ ಕರೆಂಟು ಬತ್ತದೆ ಕಣಣ್ಣ. ಇಂಜಿನ್ ಮಲಗುದ್ರೆ ಅದೂ ಮಲಗ್ತದೆ. ಬ್ಯಾಟ್ರಿ ಮಡಗ್ಬೇಕು.”

“ಬ್ಯಾಟ್ರಿ ಮಡಗುದ್ರೆ ನಾ ಎಲ್ಲಿ ಕೂರ್ಲಿ?”

“ನೀನು ಎರಡು ಮುದ್ದೆ ಕಮ್ಮಿ ಉಣ್ಣು.”

ಸ್ಕೂಟರಿನ ಬ್ಯಾಟರಿ ಇಟ್ಟರು. ನಿಜವಾಗಿಯೂ ಮುದ್ದೆ ಕಮ್ಮಿ ಮಾಡಿದರು. ಆಗ ಇನ್ನೊಂದು ತೊಂದರೆ. ಇಂಜಿನ್ನಿನ ಕುಲುಕಾಟಕ್ಕೆ ಬಲ್ಬಿನ ಒಳಗಿನ ತಂತಿ ತುಂಡಾಗುವುದು. ಸೈಕಲ್ ಟ್ಯೂಬು ಕತ್ತರಿಸಿ ದೀಪದ ಕೆಳಗೆ ಮೆತ್ತೆ ಹಾಕಿದರು. ತಂತಿ ನಿಂತಿತು. ದೀಪದ ಭಾರ ಹಾಗೇ ಇತ್ತು. ಚಿಕ್ಕದು ಬೇಕು, ಹಗುರ ಬೇಕು, ದೂರ ಬೆಳಗಬೇಕು ಎನ್ನುತ್ತಿದ್ದರು. ಊಟಕ್ಕೆ ಕೂತರೂ ಅದೇ.

ನಾಗಮಂಗಲದಲ್ಲಿ ನನ್ನ ಅಕ್ಕನ ಮಗಳ ಮದುವೆ. ಅದನ್ನು ಮುಗಿಸಿಕೊಂಡು ಬೆಳ್ಳೂರು ಕ್ರಾಸಿಗೆ ಬಂದೆವು. ಏನೋ ಕೆಲಸ ಅಂದಿದ್ದರು. ಕೆಲಸ ಏನು ಅಂದರೆ, ಹೋಟೆಲಿನ ಮುಂದೆ ನಿಂತು ಹಾಸನದ ಕಡೆಯಿಂದ ಬರುವ ಲಾರಿಗಳ ದೀಪ ನೋಡುವುದು. ಹೊತ್ತು ಮುಳುಗಿತ್ತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಧೂಳಿನಲ್ಲಿ ಕೂತಿದ್ದೆ. ಇವರು ಒಂದೊಂದು ಲಾರಿ ಬಂದಾಗಲೂ ರಸ್ತೆ ಅಂಚಿಗೆ ಹೋಗಿ, ಬೆಳಕು ಎಲ್ಲಿ ಬಿತ್ತು ಅಂತ ಬಗ್ಗಿ ನೋಡುವರು.

ಒಬ್ಬ ಲಾರಿ ಡ್ರೈವರು ಟೀ ಕುಡಿಯುತ್ತಾ ಕೇಳಿದ, “ಏನ್ ಗೌಡ್ರೆ, ದುಡ್ಡು ಬಿದ್ದೋಯ್ತಾ?”

“ಇಲ್ಲ ಕಣಪ್ಪ. ನಿನ್ ಲಾರೀದು ಯಾವ ಬಲ್ಬು? ಬೆಳ್ಳಗೆ ಒಡೀತದಲ್ಲ?”

“ಹ್ಯಾಲೋಜನ್ನು. ನಿಮ್ದು ಯಾವ ಗಾಡಿ?”

“ಇಮಾನ.”

ಡ್ರೈವರು ನನ್ನ ಕಡೆ ತಿರುಗಿದ. “ಏನಮ್ಮಾ, ಮದ್ವೆ ಮನೇಲಿ ಜಾಸ್ತಿ ಆಯ್ತಾ ಇವ್ರಿಗೆ?”

“ಕುಡ್ಯಾಕಿಲ್ಲ ಕಣಪ್ಪ. ಇರೋದೇ ಇಂಗೆ,” ಅಂದೆ.

ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೇ ಮಾತು. ಎರಡು ದೀಪ ಹಾಕಬೇಕು. ಒಂದು ದೂರಕ್ಕೆ, ಇನ್ನೊಂದು ಹತ್ತಿರಕ್ಕೆ. ದೂರದ್ದು ಏರಿ ದಾಟುವಾಗ ದಾರಿ ತೋರಿಸಬೇಕು. ಹತ್ತಿರದ್ದು ನೆಲ ಎಷ್ಟು ಕೆಳಗಿದೆ ಅಂತ ತೋರಿಸಬೇಕು. ಮೂತಿಗೆ ಬೇಡ, ರೆಕ್ಕೆ ಕೆಳಗೆ ಗಾಲಿ ಹತ್ತಿರ. ಅವರ ಮುಖದಲ್ಲಿ ಅಷ್ಟು ಸುಖ ಆಮೇಲೆ ನಾನು ನೋಡಲಿಲ್ಲ. ಅದಕ್ಕೇ ಆ ಬಸ್ಸು ನೆನಪಿದೆ.

ನಾಗರಾಜು ಬೆಂಗಳೂರಿಗೆ ಹೋದಾಗ ಎರಡು ಸಣ್ಣ ದೀಪದ ಬಟ್ಟಲು, ಎರಡು ಹ್ಯಾಲೋಜನ್ ಬಲ್ಬು ತಂದ. ಬಟ್ಟಲನ್ನು ಮೊದಲು ಹಾಕಿ, ಹಳೇ ಬಲ್ಬು ಸಿಕ್ಕಿಸಿ ಕೋನ ನೋಡಿದರು. ಅದಕ್ಕೆ ನಾನು ಬೇಕಾಗಿತ್ತು. ದನ ಹೋದ ಮೇಲೆ ವಿಮಾನವನ್ನು ಗೋಮಾಳಕ್ಕೆ ತಳ್ಳಿ, ಇಳಿಯುವಾಗ ಇರುವ ಹಾಗೆ ಮೂತಿ ಎತ್ತಿ ಕಲ್ಲು ಕೊಟ್ಟು ನಿಲ್ಲಿಸಿದರು. ಅವರ ಬಿಳಿ ಪಂಚೆಯೊಂದನ್ನು ಅಗಲಕ್ಕೆ ಬಿಡಿಸಿ ಹಿಡಿದುಕೊಂಡು ನಾನು ಹಿಂದೆ ಹಿಂದೆ ನಡೆಯಬೇಕು.

“ಇನ್ನೂ ಇಂದಕ್ಕೋಗಮ್ಮಿ! ಇನ್ನೂ! ಪಂಚೆ ಕೆಳಕ್ಕಿಡಿ!”

“ಮುಳ್ಳಿದೆ ಇಲ್ಲಿ!”

“ಮುಳ್ಳ ಮ್ಯಾಲೇ ನಿಂತ್ಕೊ! ಅಲ್ಲೇ ನಾ ಇಳಿಯಾದು!”

ಪಂಚೆಯ ಮೇಲೆ ಬೆಳಕು ಬಿತ್ತು. ಚಿನ್ನು ಚಪ್ಪಾಳೆ ತಟ್ಟಿದಳು. ಅಲ್ಲಿಗೆ ಒಂದು ಕಲ್ಲು ನೆಟ್ಟು ಸುಣ್ಣ ಬಳಿದರು. ಆ ಕಲ್ಲು ಈಗಲೂ ಇದೆ. ಎಮ್ಮೆ ಮೈ ಉಜ್ಜುತ್ತದೆ.

ಹೊಸ ಬಲ್ಬುಗಳು ಅವುಗಳ ಡಬ್ಬದಲ್ಲೇ ಇದ್ದವು. ಆಯುಧಪೂಜೆಗೆ ಹಾಕೋಣ ಅಂತ ಇಟ್ಟಿದ್ದರು. ಅದು ತೊಂಬತ್ತೇಳನೇ ಇಸವಿ. ಕೊಡುವಾಗಲೇ ನಾಗರಾಜು ನನ್ನೆದುರಿಗೇ ಹೇಳಿದ್ದ, “ಅಣ್ಣ, ಗಾಜ್ನ ಬರಿಗೈಲಿ ಮುಟ್ಬ್ಯಾಡ. ಬಟ್ಟೇಲಿ ಇಡ್ಕೊ. ಕೈ ಜಿಡ್ಡು ಆಯ್ತು ಅಂದ್ರೆ ಕಾವಿಗೆ ಗಾಜು ಕೆಡ್ತದೆ.” ಇವರು, “ಗೊತ್ತು ಕಣ್ಲಾ,” ಅಂದಿದ್ದರು. ಗೊತ್ತಿತ್ತು.

ಆಯುಧಪೂಜೆಯ ಬೆಳಗ್ಗೆ ಇವರು ಹಿತ್ತಿಲಲ್ಲಿ ನೀರು ಹೊಯ್ದುಕೊಳ್ಳುತ್ತಿದ್ದರು. ಅತ್ತೆ ದೇವರ ಮುಂದೆ ಕುಡುಗೋಲು, ಮಚ್ಚು, ಸ್ಪ್ಯಾನರು ಎಲ್ಲ ಜೋಡಿಸಿದ್ದರು. ಡಬ್ಬದಿಂದ ಬಲ್ಬುಗಳನ್ನು ತೆಗೆದು ಎಲೆಯ ಮೇಲೆ ಇಟ್ಟು, ಒಂದಕ್ಕೆ ಕುಂಕುಮ ಇಟ್ಟರು, ಇನ್ನೊಂದಕ್ಕೂ ಇಟ್ಟರು. ನಾನು ಒಬ್ಬಟ್ಟಿನ ಒಲೆಯ ಮುಂದಿದ್ದೆ. ಇವರು ಒಳಗೆ ಬಂದು ನೋಡಿದರು.

“ಅವ್ವಾ, ಗಾಜ್ಗೆ ಆಕ್ಬುಟ್ಯಾ?”

“ಊಂ ಕಲಾ ಮಗ. ನಿನ್ನ ಕಾಯಾದು ಅದೇ ತಾನೆ? ಕುಡುಗೋಲ್ಗೆ ಇಟ್ಟು ಅದ್ಕೆ ಇಡ್ದೇ ಇರ್ತಿನಾ?”

ಇವರು ನಕ್ಕರು. “ಆಯ್ತು ಬುಡವ್ವ,” ಅಂದರು.

ಮಂಗಳಾರತಿ ಆಯಿತು. ವಿಮಾನಕ್ಕೆ ಸೇವಂತಿಗೆ ಹಾರ, ಗಾಲಿಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ ಒಡೆದದ್ದು, ಎಲ್ಲ ಆಯಿತು. ಬಲ್ಬು ಹಾಕುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು, ಕೈ ಮುಗಿದುಕೊಂಡು. ಹೆತ್ತವ್ವ ಹಬ್ಬದ ದಿನ ಇಟ್ಟ ಕುಂಕುಮವನ್ನು ಅವರ ಕಣ್ಣೆದುರಿಗೇ ಯಾವ ಮಗ ತಿಕ್ಕಿ ತೊಳೆಯುತ್ತಾನೆ? ಇವರು ಪಂಚೆಯ ಅಂಚಿನಲ್ಲಿ ಮೆಲ್ಲಗೆ ಒತ್ತಿ ತೆಗೆದರು. ಕೆಂಪು ಹೋಯಿತು. ಹಾಕಿದರು. ಉರಿಸಿದರು. ಮಟಮಟ ಮಧ್ಯಾಹ್ನದಲ್ಲೂ ಕೊಟ್ಟಿಗೆ ಗೋಡೆಯೆಲ್ಲ ಬೆಳ್ಳಗಾಯಿತು.

“ನೋಡ್ದಾ ಅವ್ವಾ?”

“ನೋಡ್ದೆ ಕಣಪ್ಪ. ಸೂರ್ಯ ಕಂಡಂಗೆ ಕಾಣ್ತದೆ.”

ಹಬ್ಬ ಕಳೆದ ಮೇಲೆ ಕೆಲವು ಸಂಜೆ ಹಾರಿದರು. ಎರಡು ದೀಪವೂ ಉರಿದವು. ಎಷ್ಟು ಬೆಳಕು ಅಂದರೆ ಗರಿಕೆ ಎಸಳು ಒಂದೊಂದೂ ಕಾಣುತ್ತಿತ್ತು. ಕೆ.ಆರ್. ಪೇಟೆ ಕಡೆಯಿಂದ ಜನ ನೋಡಲು ಬಂದರು. ಇವರ ಭಯ ಹೋಯಿತು. ಅದೇ ಆದದ್ದು. ಮಂಕು ದೀಪ ಇದ್ದಾಗ ಇವರು ಕತ್ತಲಿಗೆ ಹೆದರಿ ಬೇಗ ಇಳಿಯುತ್ತಿದ್ದರು. ಜೋರು ದೀಪ ಬಂತು, ಎಮ್ಮೆ ತಡವಾದರೂ ಹಾರುವುದಕ್ಕೆ ಶುರು ಮಾಡಿದರು.

ಆ ಸಂಜೆಯೂ ಎಮ್ಮೆ ತಡ. ಬೈರಮ್ಮ ಹೊಡೆದುಕೊಂಡು ಹೋಗುವಾಗ, “ಇವತ್ತು ಬುಡ್ಲಾ, ಕಪ್ಪಾಯ್ತು,” ಅಂದಳು.

“ಆಗ್ಲಿ ಬುಡಕ್ಕ, ಎರಡು ಸೂರ್ಯ ಅವೆ ನಂತಾವ,” ಅಂದರು.

ನಾನೂ ಚಿನ್ನುವೂ ಗೋಮಾಳದ ಪಕ್ಕ ನಿಂತಿದ್ದೆವು. ಬೆಟ್ಟದ ಕಡೆ ಹೋಗಿ ತಿರುಗಿದರು. ಏರಿ ಮೇಲೆ ಬರುವಾಗ ಎರಡೂ ದೀಪ ಹಾಕಿದರು. ನೆಲ ಬೆಳ್ಳಗಾಯಿತು. ಸುಣ್ಣದ ಕಲ್ಲು ಕಂಡಿತು. ಇಂಜಿನ್ ಸದ್ದು ಸಣ್ಣಗಾಯಿತು. ಇನ್ನೇನು ಇಳಿದರು ಅನ್ನಬೇಕು.

ಬೆಳಕು ಹೋಯಿತು. ಎರಡೂ ಒಟ್ಟಿಗೆ.

ಅಷ್ಟು ಬೆಳಕು ನೋಡಿದ ಕಣ್ಣಿಗೆ ಏನೂ ಕಾಣುವುದಿಲ್ಲ. ಕೆಳಗೆ ನಿಂತಿದ್ದ ನನಗೇ ನನ್ನ ಮಗಳು ಕಾಣಲಿಲ್ಲ. ಅವರಿಗೆ ಏನು ಕಂಡೀತು? ಇಂಜಿನ್ ಜೋರಾಗಿ ಕೂಗಿತು. ಮತ್ತೆ ಮೇಲಕ್ಕೆ ಏಳಿಸಲು ನೋಡಿದರು ಅಂತ ಕಾಣುತ್ತದೆ. ಕೂಗು ನಮ್ಮನ್ನು ದಾಟಿ ಹೋಯಿತು. ಆ ಕಡೆ ಇರುವುದು ಬಂಡೆ. ನನಗೆ ಗೊತ್ತು ಬಂಡೆ ಇದೆ ಅಂತ. ಅವರಿಗೂ ಗೊತ್ತು. ಎಷ್ಟು ದೂರ ಅನ್ನುವುದು ಆ ಕತ್ತಲಲ್ಲಿ ಯಾರಿಗೂ ಗೊತ್ತಿಲ್ಲ.

ಸದ್ದು ಆಯಿತು. ಚಿನ್ನು, “ಅಪ್ಪ ಇಳುದ್ರಾ?” ಅಂದಳು.

ನಾನು ಮುಂದಿನದನ್ನು ಬರೆಯುವುದಿಲ್ಲ.

ಶ್ರೀರಂಗಪಟ್ಟಣದ ಹೊಳೆಯಲ್ಲಿ ಬೂದಿ ಬಿಟ್ಟು ಬಂದರು. ತಿಥಿ ಆಯಿತು. ನನ್ನ ಬಳೆ ಒಡೆದರು. ಕುಂಕುಮ ಅಳಿಸಿದರು. ಅದನ್ನು ಯಾರೂ ಮೆಲ್ಲಗೆ ಒತ್ತಿ ತೆಗೆಯಲಿಲ್ಲ, ಒದ್ದೆ ಬಟ್ಟೆಯಲ್ಲಿ ತಿಕ್ಕಿಯೇ ಅಳಿಸಿದರು.

ಪೊಲೀಸರು ನೋಡಿ ಹೋದ ಮೇಲೆ ನಾಗರಾಜು ಬಂದು ದೀಪದ ಬಟ್ಟಲುಗಳನ್ನು ಬಿಚ್ಚಿ ನೋಡಿದ. ಕೊಟ್ಟಿಗೆಯಲ್ಲಿ ನಾವಿಬ್ಬರೇ.

“ಏನಾಗಿತ್ತು?” ಅಂದೆ.

“ಒಂದು ಬಲ್ಬು ಉರಿತಾ ಉರಿತಾನೇ ಒಡ್ದದೆ ಅತ್ಗೆ. ಒಳಗಿನ ತಂತಿ ಒಂದಕ್ಕೊಂದು ತಾಕಿ ಫ್ಯೂಜ್ ಓಯ್ತು. ಎರಡಕ್ಕೂ ಒಂದೇ ಫ್ಯೂಜು. ಇನ್ನೊಂದು ಗಟ್ಟಿಯಾಗೇ ಇತ್ತು, ಆದ್ರೂ ಆರೋಯ್ತು.”

“ಯಾಕ್ ಒಡೀತು?”

ಅವನು ಗಟ್ಟಿಯಾಗಿ ಉಳಿದಿದ್ದ ಬಲ್ಬನ್ನು ನನ್ನ ಕೈಗೆ ಕೊಟ್ಟ. ಗಾಜಿನ ಮೇಲೆ ಕಡಲೆ ಗಾತ್ರದ ಬೆಳ್ಳನೆಯ ಮಚ್ಚೆ. ಅಲ್ಲಿ ಗಾಜು ಸ್ವಲ್ಪ ಉಬ್ಬಿತ್ತು.

“ಜಿಡ್ಡು ತಾಕಿರೋ ಕಡೆ ಇಂಗಾಯ್ತದೆ. ಯಾರಾದ್ರೂ ಮುಟ್ಟಿದ್ರಾ ಅತ್ಗೆ?”

ನಾನು ಆಯುಧಪೂಜೆಯ ವಿಷಯ ಹೇಳಿದೆ. ನಾಗರಾಜು ತಲೆ ಹಿಡಿದುಕೊಂಡ.

“ಪಂಚೇಲಿ ಒರ್ಸಿದ್ರೆ ಎಣ್ಣೆ ಓಯ್ತದಾ? ಇನ್ನೂ ಸವರ್ದಂಗೆ ಆಯ್ತದೆ. ಚಲುವಣ್ಣಂಗೆ ಗೊತ್ತಿತ್ತು, ನಾ ಏಳಿದ್ದೆ…” ಆಮೇಲೆ, “ಅದೇ ಅಂತ ಆಣೆ ಇಡಕಾಗಾಕಿಲ್ಲ. ಕುಲುಕಾಟಕ್ಕೂ ಒಡೀಬೋದು,” ಅಂದ.

“ನೀನು ಆಣೆ ಇಡ್ತೀಯಾ, ಕುಲುಕಾಟಕ್ಕೇ ಅಂತ?”

“ಅವ್ವಂಗೆ ಏಳ್ಬ್ಯಾಡಿ,” ಅಂದ.

“ನಂಗ್ಯಾಕ್ ಏಳ್ದೆ?”

“ನೀವ್ ಕೇಳುದ್ರಿ.”

ಸರಿಯೇ. ಕೇಳಿದವಳು ನಾನು.

ಆ ಬಲ್ಬನ್ನು ಅವನ ಕೈಗೆ ವಾಪಸ್ಸು ಕೊಡುವಷ್ಟರಲ್ಲಿ ಅತ್ತೆ ಕೊಟ್ಟಿಗೆಗೆ ಬಂದರು. “ಅದು ನನ್ ಮಗುಂದಾ?” ಅಂತ ಕೈ ಚಾಚಿದರು. ಕೊಡದೆ ಏನು ಮಾಡಲಿ? ಸೆರಗಲ್ಲಿ ಸುತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿ ಇಟ್ಟರು. ಅಲ್ಲೇ ಇದೆ.

ಈಗ ಮನೆಯಲ್ಲಿ ನಾವು ನಾಲ್ಕು ಜನ. ಮಾವ ಜಗಲಿ ಬಿಟ್ಟು ಏಳುವುದಿಲ್ಲ. ಬೈರಮ್ಮ ಈಗ ಹೊತ್ತು ಇರುವಾಗಲೇ ಎಮ್ಮೆಯನ್ನು ಹೊಡೆದುಕೊಂಡು ಬರುತ್ತಾಳೆ. ನಾನು ಡೈರಿಗೆ ಹಾಲು ಹಾಕುತ್ತೇನೆ, ಗದ್ದೆಗೆ ಹೋಗುತ್ತೇನೆ, ಬರುತ್ತೇನೆ. ಇದೆಲ್ಲ ಯಾತಕ್ಕೆ ಅಂತ ಅನಿಸುತ್ತದೆ. ಚಿನ್ನು ಬೆಳೆಯುತ್ತಿದ್ದಾಳೆ, ಅಷ್ಟೇ.

ಅತ್ತೆ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಆ ಬಲ್ಬಿಗೂ ಕುಂಕುಮ ಇಡುತ್ತಾರೆ, ಅದೇ ಕರಡಿಗೆಯಿಂದ. ಬಿಳಿ ಮಚ್ಚೆಯ ಮೇಲೆ ಸರಿಯಾಗಿ ಇಡುತ್ತಾರೆ. ಮೊದಲ ಸಲ, “ಇದ್ಯಾನವ್ವ ಬೆಳ್ಳಗೆ?” ಅಂತ ಕೇಳಿದ್ದರು. “ಕಾವಿಗೆ ಅಂಗಾಯ್ತು ಅತ್ತೆ,” ಅಂದಿದ್ದೆ. ಬಲ್ಬು ಒಡೆದು ದೀಪ ಹೋಯಿತು ಅನ್ನುವಷ್ಟು ಅವರಿಗೆ ಗೊತ್ತು. ಅಲ್ಲಿಂದ ಅವರಿಗೆ ಒಂದೇ ಅನುಮಾನ. ಅದನ್ನು ನನ್ನನ್ನೇ ಕೇಳುತ್ತಾರೆ, ದಿನಾ.

“ಅವ್ವಾ, ಅವತ್ತು ನಾನು ಎರಡಕ್ಕೂ ಕುಂಕುಮ ಇಟ್ನಾ? ಇಲ್ಲಾ ಒಂದು ಬುಟ್ನಾ? ಬುಟ್ಟಿದ್ದೇ ಒಡ್ದೋಯ್ತೇನೋ. ನೀನು ಒಲೆ ಮುಂದೆ ಇದ್ದೆ ಅಲ್ವಾ, ನೋಡಿದ್ದೆ ಅಲ್ವಾ?”

“ನೋಡಿದ್ದೆ ಅತ್ತೆ.”

“ಎರಡಕ್ಕೂ ಇಟ್ನಾ?”

“ಎರಡಕ್ಕೂ ಇಟ್ರಿ.”

“ನಿಜ್ವಾಗ್ಲೂ?”

“ನಿಜ್ವಾಗ್ಲೂ.”

ಅವರಿಗೆ ಸಮಾಧಾನ ಆಗುತ್ತದೆ. ಕರಡಿಗೆ ಮುಚ್ಚಿ, ಎಣ್ಣೆ ಬೆರಳನ್ನು ತಲೆಗೆ ಒರೆಸಿಕೊಂಡು, ಊಟಕ್ಕೆ ಏಳುತ್ತಾರೆ. ನಾನು ಮುದ್ದೆ ತಟ್ಟೆಗೆ ಹಾಕುತ್ತೇನೆ.